ಸಿಪ್ಯಾಪ್ ಮಷೀನ್: "ನೀವು ಕೊಡಬೇಕಾದ್ದು ಸೊನ್ನೆ" ಅಂತಾರೆ, ಸಹಿ ಹಾಕಲಾ?

ನಿದ್ದೆಗೇಡಿ | ಕ್ಯಾರಿ, ನಾರ್ತ್ ಕ್ಯಾರೊಲಿನಾ | ನವೆಂಬರ್ 1

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯ. ಹಬ್ಬದ ದಿನ ಗೊರಕೆಯ ವಿಷಯ ತರುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ.

ನನಗೆ 41. ಊರು ತಿಪಟೂರು. ನಮ್ಮ ಮನೆಯ ಗಂಡಸರೆಲ್ಲ ಗೊರಕೆ ಹೊಡೆಯುವವರೇ, ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಮೇ ತಿಂಗಳಲ್ಲಿ ಮಗಳು ಹುಟ್ಟಿದಳು. ಹೆಂಡತಿ ರಾತ್ರಿ ಹಾಲು ಕುಡಿಸಲು ಎದ್ದಾಗಲೆಲ್ಲ ನನ್ನ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುವುದನ್ನು ನೋಡಿ ಹೆದರಿ ಡಾಕ್ಟರ ಹತ್ತಿರ ಕಳಿಸಿದಳು. ನಿದ್ದೆಯಲ್ಲಿ ಹೀಗೆ ಉಸಿರು ನಿಲ್ಲುವುದಕ್ಕೆ ಸ್ಲೀಪ್ ಆಪ್ನಿಯಾ ಅಂತಾರಂತೆ. ಪರೀಕ್ಷೆಗೆ ಬೆರಳಿಗೆ ಸಿಕ್ಕಿಸಿಕೊಂಡು ಮಲಗುವ ಒಂದು ಸಾಧನ ಮನೆಗೇ ಬಂತು. ರಿಪೋರ್ಟಿನಲ್ಲಿ ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕಡಿಮೆಯಾಯಿತು ಅನ್ನುವ ಸಂಖ್ಯೆ, ಎರಡು ಕಡೆ ಇದೆ: 3% ಲೆಕ್ಕದಲ್ಲಿ 19, 4% ಲೆಕ್ಕದಲ್ಲಿ 12. ಡಾಕ್ಟರ್ ಸಿಪ್ಯಾಪ್ (ಮಲಗಿದಾಗ ಮಾಸ್ಕ್ ಮೂಲಕ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಮಷೀನ್) ಬರೆದುಕೊಟ್ಟು, ತಮಗೆ ಗೊತ್ತಿರುವ ಒಂದು ಸಪ್ಲೈ ಕಂಪನಿಗೆ ಕಳಿಸಿದರು.

ಆ ಕಂಪನಿಯವರು ಫೋನ್ ಮಾಡಿ "ನಿಮ್ಮ ಇನ್ಷೂರೆನ್ಸ್ ನೂರಕ್ಕೆ ನೂರು ಕೊಡುತ್ತೆ, ನೀವು ಕೊಡಬೇಕಾದ್ದು ಸೊನ್ನೆ, ಈ ಫಾರ್ಮಿಗೆ ಆನ್‌ಲೈನ್‌ನಲ್ಲಿ ಸಹಿ ಹಾಕಿ" ಅಂದರು. ಮಾತೇನೋ ಸುಳ್ಳಲ್ಲ. ಆಫೀಸಿನದು ಹೈ ಡಿಡಕ್ಟಿಬಲ್ ಪ್ಲಾನ್, ಅಂದರೆ ಇನ್ಷೂರೆನ್ಸ್ ಕೊಡಲು ಶುರು ಮಾಡುವ ಮುಂಚೆ ವರ್ಷಕ್ಕೆ ನಾವೇ ಕೊಡಬೇಕಾದ ಮೊತ್ತ (ಡಿಡಕ್ಟಿಬಲ್) ದೊಡ್ಡದು. ಹೆರಿಗೆ ಖರ್ಚಿನಲ್ಲೇ ಈ ವರ್ಷದ ಡಿಡಕ್ಟಿಬಲ್ ಮುಗಿದಿದೆ, ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್ಮೂ (ವರ್ಷಕ್ಕೆ ನಮ್ಮ ಜೇಬಿನಿಂದ ಹೋಗುವ ಗರಿಷ್ಠ ಮೊತ್ತ) ತುಂಬಿದೆ. ಆದರೆ ಫಾರ್ಮಿನಲ್ಲಿ "ತಿಂಗಳ ಬಾಡಿಗೆ", "ಕಾರ್ಡ್ ನಂಬರ್ ಕಡ್ಡಾಯ", "ಬಳಕೆ ಸಾಲದಿದ್ದರೆ ಮಷೀನ್ ವಾಪಸ್" ಅಂತೆಲ್ಲ ಇದೆ. ಸೊನ್ನೆ ಅಂದಮೇಲೆ ಕಾರ್ಡ್ ಯಾಕೆ?

ಇನ್ನೊಂದು ಕಡೆ ಇನ್ಷೂರೆನ್ಸ್‌ನಿಂದ ಪತ್ರ ಬಂದಿದೆ. ಒಪ್ಪಿಗೆ ಕೊಡೋಕೆ ಇನ್ನೂ ಮಾಹಿತಿ ಬೇಕಂತೆ. ಹಾಗಾದರೆ ಒಪ್ಪಿಗೆ ಬರೋದಕ್ಕೆ ಮುಂಚೆಯೇ ಇವರು ಸೊನ್ನೆ ಅಂತ ಹೇಗೆ ಹೇಳಿದರು?

ಡಿಸೆಂಬರ್ 19ಕ್ಕೆ ಮಗುವನ್ನು ಕರೆದುಕೊಂಡು ಊರಿಗೆ ಹೊರಟಿದ್ದೇವೆ, ನಾಲ್ಕು ವಾರ. ಮಷೀನ್ ಬೆಂಗಳೂರಿನಲ್ಲೇ ತೊಗೊಂಡರೆ ಅಗ್ಗವಾ? ಮಾವನಿಗೂ ಇದೇ ತೊಂದರೆ ಇದೆ. ನನ್ನ ಆಫೀಸಿನವರೊಬ್ಬರು ತಮ್ಮ ಹಳೆಯ ಸಿಪ್ಯಾಪ್ ಮಷೀನ್, ಫಿಲಿಪ್ಸ್ ಡ್ರೀಮ್‌ಸ್ಟೇಷನ್, ಸುಮ್ನೆ ಕೊಡ್ತೀನಿ ಅಂತಿದ್ದಾರೆ, ಅದನ್ನು ಅವರಿಗೆ ಒಯ್ಯಲಾ? ಗೊತ್ತಿರುವವರು ದಯವಿಟ್ಟು ಹೇಳಿ.

---

ಡಲ್ಲಾಸ್ ಗೌಡ | ನವೆಂಬರ್ 1

ಗುರುಗಳೇ, ನನ್ನ ಮಾತು ಕೇಳಿದರೆ ಇನ್ಷೂರೆನ್ಸ್ ಸಹವಾಸವೇ ಬೇಡ. ಡಾಕ್ಟರ ಪ್ರಿಸ್ಕ್ರಿಪ್ಷನ್ ಅಪ್‌ಲೋಡ್ ಮಾಡಿ ಆನ್‌ಲೈನ್‌ನಲ್ಲಿ ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಆಟೋಸೆಟ್ ಅನ್ನುವ ಮಷೀನ್ ತರಿಸಿಕೊಂಡೆ. ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಸೇರಿ ಎಂಟುನೂರು ಡಾಲರ್ ಒಳಗೇ ಆಯಿತು, ದುಡ್ಡು ಎಚ್‌ಎಸ್‌ಎ ಖಾತೆಯಿಂದ (ವೈದ್ಯಕೀಯ ಖರ್ಚಿಗೆ ಅಂತ ತೆರಿಗೆಯಿಲ್ಲದೆ ಉಳಿಸುವ ಖಾತೆ) ಕೊಟ್ಟೆ. ಎಷ್ಟು ಗಂಟೆ ಮಲಗಿದೆ ಅಂತ ಯಾರೂ ಕೇಳಲ್ಲ, ಬಾಡಿಗೆಯಿಲ್ಲ, ಫೋನ್ ಇಲ್ಲ. ಪ್ರಿಸ್ಕ್ರಿಪ್ಷನ್ ಇಲ್ಲದೆ ಮಾತ್ರ ಇಲ್ಲಿ ಮಷೀನ್ ಮಾರುವ ಹಾಗಿಲ್ಲ. ಅದರ ಒಂದು ಪ್ರತಿ ಡಾಕ್ಟರ ಆಫೀಸಿನಿಂದ ಇಸಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅದು ನಿಮ್ಮ ಹಕ್ಕು, ಸಪ್ಲೈ ಕಂಪನಿಯದಲ್ಲ.

---

ಶಾರದಕ್ಕ | ಎಡಿಸನ್, ನ್ಯೂ ಜೆರ್ಸಿ | ನವೆಂಬರ್ 2

ನಿದ್ದೆಗೇಡಿಯವರೇ, ಗೌಡರು ಹೇಳಿದ್ದು ಅವರಿಗೆ ಸರಿ. ನಿಮ್ಮ ಲೆಕ್ಕ ಬೇರೆ ಇದೆ, ಸ್ವಲ್ಪ ತಾಳಿ. ನಾನು ಬಹಳ ವರ್ಷ ಇಂಥದ್ದೇ ಒಂದು ಸಪ್ಲೈ ಕಂಪನಿಯಲ್ಲಿ ಬಿಲ್ಲಿಂಗ್ ನೋಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ಹಾಗಾಗಿ ಆ ಕಡೆಯ ಮೇಜಿನಿಂದ ಇದು ಹೇಗೆ ಕಾಣುತ್ತೆ ಅನ್ನೋದನ್ನ ಹೇಳ್ತೀನಿ.

"ಸೊನ್ನೆ" ಅಂದ ಹುಡುಗಿ ಸುಳ್ಳು ಹೇಳಿಲ್ಲ. ಅವಳ ಕಂಪ್ಯೂಟರಿನಲ್ಲಿ ಇವತ್ತಿನ ತಾರೀಕಿಗೆ ನಿಮ್ಮ ಪಾಲು ಸೊನ್ನೆ ಅಂತಲೇ ತೋರಿಸುತ್ತಿರುತ್ತೆ. ಆದರೆ ಮಷೀನ್ ಒಂದೇ ಸಲ ಮಾರಾಟವಾಗುವುದಿಲ್ಲ, ತಿಂಗಳು ತಿಂಗಳು ಬಾಡಿಗೆ ಬಿಲ್ ಆಗುತ್ತೆ. ಮೆಡಿಕೇರ್‌ನಲ್ಲಿ (ಮುಖ್ಯವಾಗಿ ಹಿರಿಯರಿಗೆ ಇರುವ ಇಲ್ಲಿನ ಸರ್ಕಾರಿ ವಿಮೆ) 13 ತಿಂಗಳು ಬಾಡಿಗೆ ಕಟ್ಟಿದ ಮೇಲೆ ಮಷೀನ್ ನಿಮ್ಮದು. ಖಾಸಗಿ ಪ್ಲಾನ್‌ಗಳಲ್ಲಿ ಒಂದೊಂದು ಕಡೆ ಒಂದೊಂದು ಥರ, 10 ತಿಂಗಳು ಇರುವುದೂ ಉಂಟು. ಪ್ರತಿ ತಿಂಗಳ ಬಿಲ್ಲೂ ಆ ತಿಂಗಳ ತಾರೀಕಿನ ಪ್ರಕಾರ ಲೆಕ್ಕ ಹಾಕುತ್ತಾರೆ. ನಿಮ್ಮ ಪ್ಲಾನಿನ ವರ್ಷ ಜನವರಿ 1ಕ್ಕೆ ಶುರುವಾಗುತ್ತೆ ಅಲ್ವಾ? ಹಾಗಾದರೆ ನವೆಂಬರ್, ಡಿಸೆಂಬರ್ ಎರಡೇ ತಿಂಗಳು ಸೊನ್ನೆ. ಜನವರಿ 1ಕ್ಕೆ ಡಿಡಕ್ಟಿಬಲ್ ಮತ್ತೆ ಮೊದಲಿನಿಂದ. ಅದು ತುಂಬುವವರೆಗೆ ಮುಂದಿನ ಬಾಡಿಗೆಯೆಲ್ಲ ನಿಮ್ಮ ಜೇಬಿನಿಂದ. ಕಾರ್ಡ್ ನಂಬರ್ ಕೇಳಿದ್ದು ಅದಕ್ಕೇ.

ಹಾಗಂತ ಇನ್ಷೂರೆನ್ಸ್ ಬಿಟ್ಟುಬಿಡಿ ಅಂತ ನಾನು ಹೇಳಲ್ಲ. ಸಹಿ ಹಾಕುವ ಮುಂಚೆ, ಪೆಟ್ಟಿಗೆ ಬಿಚ್ಚುವುದಂತೂ ಆಮೇಲಿನ ಮಾತು, ಇನ್ಷೂರೆನ್ಸ್‌ಗೆ ನೀವೇ ಫೋನ್ ಮಾಡಿ. ಕಾರ್ಡಿನ ಹಿಂದೆ ಇರುವ ನಂಬರಿಗೆ. ಸಪ್ಲೈ ಕಂಪನಿಯವರನ್ನು ಕೇಳಬೇಡಿ. ಹೀಗೆ ಕೇಳಿ: "ಕೋಡ್ ಇ0601, ಅಂದರೆ ಸಿಪ್ಯಾಪ್ ಮಷೀನ್. ಆರ್‌ಆರ್ ಅಂತ ಬಿಲ್ ಮಾಡಿದರೆ ತಿಂಗಳಿಗೆ ಅಲೋವ್ಡ್ ಅಮೌಂಟ್ ಎಷ್ಟು, ಎಷ್ಟು ತಿಂಗಳು? ಎನ್‌ಯು ಅಂತ ಬಿಲ್ ಮಾಡಲು ನನ್ನ ಪ್ಲಾನ್ ಒಪ್ಪುತ್ತಾ?" ಆರ್‌ಆರ್ ಅಂದರೆ ಬಾಡಿಗೆ, ಎನ್‌ಯು ಅಂದರೆ ಹೊಸದಾಗಿ ಪೂರ್ತಿ ಖರೀದಿ, ಅಲೋವ್ಡ್ ಅಮೌಂಟ್ ಅಂದರೆ ಇನ್ಷೂರೆನ್ಸ್ ಒಪ್ಪಿಕೊಂಡಿರುವ ದರ. ಪ್ಲಾನ್ ಎನ್‌ಯು ಒಪ್ಪಿತೋ, ಡಿಸೆಂಬರ್ 31ರ ಒಳಗೆ ಪೂರ್ತಿ ಮಷೀನ್ ನಿಮಗೆ ನಿಜವಾಗಿಯೂ ಸೊನ್ನೆಗೆ ಬರುತ್ತೆ. ಹ್ಯೂಮಿಡಿಫೈಯರಿಗೆ ಬೇರೆ ಕೋಡ್ ಇದೆ, ಇ0562. ಅದನ್ನೂ ಹೀಗೇ ಕೇಳಿ. ಜನ ಅದನ್ನು ಮರೆತು ಆಮೇಲೆ ಎರಡು ಬಾಡಿಗೆ ಯಾಕೆ ಅಂತ ನಮಗೆ ಫೋನ್ ಮಾಡಿ ಬೈಯುತ್ತಿದ್ದರು.

ಬಿಲ್ಲಿನಲ್ಲಿ ಕಾಣುವ ದೊಡ್ಡ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ತಿಂಗಳಿಗೆ 240 ಅಂತ ಬಿಲ್ ಹಾಕಿ, ಒಪ್ಪಂದದ ಪ್ರಕಾರ 80ಕ್ಕೆ ಇಳಿಯುವುದು ಮಾಮೂಲು. ಕಂಪನಿ ಇನ್ ನೆಟ್‌ವರ್ಕ್ ಇದ್ದರೆ, ಅಂದರೆ ನಿಮ್ಮ ಇನ್ಷೂರೆನ್ಸ್ ಜೊತೆ ಒಪ್ಪಂದ ಇದ್ದರೆ ಮಾತ್ರ ಈ ಇಳಿಕೆ. ಡಾಕ್ಟರ್ ಕಳಿಸಿದ ಕಡೆಗೇ ಹೋಗಬೇಕು ಅಂತ ಎಲ್ಲೂ ಇಲ್ಲ. ನೆಟ್‌ವರ್ಕಿನಲ್ಲಿರುವ ಬೇರೆ ಕಂಪನಿಗೆ ಆರ್ಡರ್ ಕಳಿಸಿ ಅಂತ ಡಾಕ್ಟರ ಆಫೀಸಿಗೆ ಹೇಳಬಹುದು.

ಈಗ ಆ ಪತ್ರದ ವಿಷಯ. ಇದು ನಿಮ್ಮ ಎರಡು ಎಎಚ್‌ಐ ಸಂಖ್ಯೆಗಳ ಜಗಳ. ನಿದ್ದೆಯಲ್ಲಿ ಉಸಿರು ಪೂರ್ತಿ ನಿಲ್ಲದೆ ಅರ್ಧಂಬರ್ಧ ಕಡಿಮೆಯಾದಾಗ, ರಕ್ತದ ಆಕ್ಸಿಜನ್ ಎಷ್ಟು ಇಳಿದರೆ ಅದನ್ನು ಒಂದು ಘಟನೆ ಅಂತ ಎಣಿಸಬೇಕು ಅನ್ನುವುದು ಪ್ರಶ್ನೆ. ಅಮೆರಿಕದ ನಿದ್ರಾ ವೈದ್ಯರ ಸಂಘ ಶಿಫಾರಸು ಮಾಡುವುದು 3%. ಮೆಡಿಕೇರ್ ಕೇಳುವುದು 4%. ಬಹಳಷ್ಟು ಖಾಸಗಿ ಕಂಪನಿಗಳೂ ಮೆಡಿಕೇರ್ ಹಿಂದೆಯೇ ಹೋಗುತ್ತವೆ. ಎಎಚ್‌ಐ 15 ಅಥವಾ ಜಾಸ್ತಿ ಇದ್ದರೆ ಬೇರೇನೂ ಕೇಳದೆ ಮಷೀನ್ ಕೊಡುತ್ತಾರೆ. 5ರಿಂದ 14ರ ಮಧ್ಯೆ ಇದ್ದರೆ ಜೊತೆಗೆ ಇನ್ನೊಂದು ಕಾರಣ ಕಾಗದದ ಮೇಲೆ ಇರಬೇಕು: ಹಗಲು ವಿಪರೀತ ನಿದ್ದೆ, ಮರೆವು ಅಥವಾ ಗಮನ ನಿಲ್ಲದಿರುವುದು, ಮನಸ್ಸಿನ ಏರುಪೇರು, ನಿದ್ದೆ ಬಾರದಿರುವುದು, ಇಲ್ಲವೇ ಬಿಪಿ, ಹೃದಯದ ರಕ್ತನಾಳದ ಕಾಯಿಲೆ, ಹಿಂದೆ ಸ್ಟ್ರೋಕ್ ಆಗಿರುವುದು. ಇದರಲ್ಲಿ ಯಾವುದಾದರೂ ಒಂದು ಸಾಕು.

ನೀವು 19 ಅಂತ ನೋಡಿದ್ದೀರಿ, ಅವರು 12 ಅಂತ ನೋಡಿದ್ದಾರೆ. ಅದು "ಇಲ್ಲ" ಅನ್ನುವ ಉತ್ತರ ಅಲ್ಲ. ಬಿಪಿ ಮಾತ್ರೆ ತೊಗೋತಾ ಇದ್ದೀರಾ? ಇದ್ದರೆ ಡಾಕ್ಟರ್ ಬರೆದ ನೋಟ್‌ನಲ್ಲಿ ಅದು ಇದೆಯಾ ನೋಡಿ. ಮಾತ್ರೆ ಕೊಟ್ಟವರು ಒಬ್ಬರು, ನಿದ್ದೆಯ ಡಾಕ್ಟರ್ ಇನ್ನೊಬ್ಬರು ಆಗಿದ್ದರೆ ಇದು ಬಿಟ್ಟುಹೋಗುವುದು ತುಂಬಾ ಸಾಮಾನ್ಯ. ಹಗಲು ನಿದ್ದೆಗೆ ಎಪ್‌ವರ್ತ್ ಅಂತ ಎಂಟು ಪ್ರಶ್ನೆಯ ಒಂದು ಹಾಳೆ ಇದೆ. 24ಕ್ಕೆ ಹತ್ತಕ್ಕಿಂತ ಜಾಸ್ತಿ ಬಂದರೆ ಅದು ಲೆಕ್ಕಕ್ಕೆ ಬರುತ್ತೆ. ನಮ್ಮವರು ಇದನ್ನು ತುಂಬುವಾಗ ಮರ್ಯಾದೆ ನೋಡಿಕೊಂಡು "ಇಲ್ಲ ಇಲ್ಲ, ನಾನು ಮೀಟಿಂಗಿನಲ್ಲಿ ತೂಕಡಿಸಲ್ಲ" ಅಂತ ಎಲ್ಲದಕ್ಕೂ ಸೊನ್ನೆ ಹಾಕುತ್ತಾರೆ. ಇದ್ದದ್ದು ಇದ್ದ ಹಾಗೆ ಹಾಕಿ. ನೋಟ್‌ಗೆ ಇದೆಲ್ಲ ಸೇರಿಸಿ ಮತ್ತೆ ಕಳಿಸಿ ಅಂತ ಡಾಕ್ಟರ ಆಫೀಸಿಗೆ ಕೇಳಿ.

ಊರಿಗೆ ಹೋಗುವುದು ಇಲ್ಲಿ ನಿಜವಾದ ಇಕ್ಕಟ್ಟು. ಬಾಡಿಗೆ ಮುಂದುವರಿಯಬೇಕಾದರೆ ಮಷೀನ್ ಬಳಸಿದ್ದು ಸಾಬೀತಾಗಬೇಕು. ಮೆಡಿಕೇರ್ ನಿಯಮ ಹೀಗಿದೆ: ಮೊದಲ 90 ದಿನದಲ್ಲಿ ಯಾವುದಾದರೂ ಸತತ 30 ದಿನ ಹಿಡಿದರೆ, ಅದರಲ್ಲಿ 70% ರಾತ್ರಿ, ಅಂದರೆ 21 ರಾತ್ರಿ, ಕನಿಷ್ಠ 4 ಗಂಟೆ ಹಾಕಿಕೊಂಡಿರಬೇಕು. 31ರಿಂದ 91ನೇ ದಿನದ ಒಳಗೆ ಒಮ್ಮೆ ಡಾಕ್ಟರನ್ನು ನೋಡಿ, ಉಪಯೋಗ ಆಗುತ್ತಿದೆ ಅಂತ ಬರೆಸಬೇಕು. ನಿಮ್ಮ ಪ್ಲಾನಿನದು ಇದೇನಾ ಅಂತ ಅದೇ ಫೋನಿನಲ್ಲಿ ಕೇಳಿಕೊಳ್ಳಿ. ಇದೇ ಆಗಿದ್ದರೆ ನವೆಂಬರ್ 10ರ ಒಳಗೆ ಶುರು ಮಾಡಿ. ಡಿಸೆಂಬರ್ 10ಕ್ಕೆ 30 ದಿನ ಮುಗಿಯುತ್ತೆ, ಹೊರಡುವ ಮುಂಚೆ ಡಾಕ್ಟರನ್ನೂ ನೋಡಬಹುದು. ಅಪಾಯಿಂಟ್‌ಮೆಂಟ್ ಇವತ್ತೇ ತೊಗೊಳ್ಳಿ, ಆ ವಾರ ಸಿಗೋದು ಕಷ್ಟ. ಮಷೀನ್ ಒಳಗಿನ ಮೋಡೆಮ್ ಊರಲ್ಲಿ ಕೆಲಸ ಮಾಡುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಎಸ್‌ಡಿ ಕಾರ್ಡ್ ಹಾಕುವ ಮಷೀನ್ ಆಗಿದ್ದರೆ ಕಾರ್ಡ್ ಒಳಗೇ ಇರಲಿ. ಎಲ್ಲ ರಾತ್ರಿಗಳ ಲೆಕ್ಕ ಅದರಲ್ಲಿ ಉಳಿಯುತ್ತೆ, ಬಂದ ಮೇಲೆ ಕೊಡಬಹುದು.

ಮೊದಲ ವಾರ ನಾಲ್ಕು ಗಂಟೆ ಕಷ್ಟ ಆಗುತ್ತೆ. ಟಿವಿ ನೋಡುವಾಗಲೂ ಹಾಕಿಕೊಂಡು ಕೂತುಕೊಳ್ಳಿ, ಮುಖಕ್ಕೆ ಅಭ್ಯಾಸ ಆಗಲಿ. ಮಾಸ್ಕ್ ಒಗ್ಗದಿದ್ದರೆ ಸುಮ್ನೆ ಸಹಿಸಿಕೊಂಡಿರಬೇಡಿ. ಹೆಚ್ಚಿನ ಸಪ್ಲೈ ಕಂಪನಿಗಳು ಮೊದಲ 30 ದಿನದಲ್ಲಿ ಬೇರೆ ಮಾಸ್ಕ್ ಕೊಡುತ್ತವೆ. ಜನ ಮಷೀನ್ ವಾಪಸ್ ಕೊಡುವುದು ಮಷೀನ್‌ನಿಂದಾಗಿ ಅಲ್ಲ, ಮಾಸ್ಕ್‌ನಿಂದಾಗಿ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ಹಳೆಯ ಡ್ರೀಮ್‌ಸ್ಟೇಷನ್ ಬೇಡವೇ ಬೇಡ. ಫಿಲಿಪ್ಸ್ 2021ರ ಜೂನ್‌ನಲ್ಲಿ ಆ ಮಷೀನ್‌ಗಳನ್ನು ವಾಪಸ್ ಕರೆಸಿಕೊಂಡಿತು. ಒಳಗೆ ಸದ್ದು ತಗ್ಗಿಸಲು ಹಾಕಿದ್ದ ಫೋಮ್ ಪುಡಿಯಾಗಿ ಉಸಿರಿನ ಜೊತೆ ಒಳಗೆ ಹೋಗಬಹುದು ಅನ್ನುವ ಕಾರಣಕ್ಕೆ. ಅದರ ಬದಲಿಗೆ ಬಂದದ್ದೋ, ಮೂಲ ಮಷೀನೋ ಅನ್ನುವುದು ಸೀರಿಯಲ್ ನಂಬರ್ ನೋಡಿದರೆ ಗೊತ್ತಾಗುತ್ತೆ. ಆದರೆ ಬೇರೆಯವರಿಗೆ ಇಟ್ಟ ಒತ್ತಡದ ಸೆಟ್ಟಿಂಗ್ ಅದರಲ್ಲಿರುತ್ತೆ, ಮಾವನವರಿಗೆ ಪರೀಕ್ಷೆ ಆಗಿದೆ ಅಂತಲೂ ನೀವು ಹೇಳಿಲ್ಲ. ಹೇಗೆ ಕೊಡ್ತೀರಿ?

---

ಬಸವನಗುಡಿ ಬಾಲು | ಬೆಂಗಳೂರು | ನವೆಂಬರ್ 2

ಶಾರದಕ್ಕ, ನೀವು ಹೇಳಿದ್ದನ್ನೆಲ್ಲ ಓದಿ ನಮ್ಮ ಕಡೆ ಎಷ್ಟು ಸುಲಭ ಅನ್ನಿಸಿತು: ಇಲ್ಲಿ ಇನ್ಷೂರೆನ್ಸ್ ಕೊಡುವುದೇ ಇಲ್ಲ, ತಲೆನೋವೇ ಇಲ್ಲ!

ತಮಾಷೆ ಪಕ್ಕಕ್ಕಿಡಿ. ನಿದ್ದೆಗೇಡಿಯವರೇ, ನಿಮಗೆ ಅಂತ ಇಲ್ಲಿಂದ ಮಷೀನ್ ಒಯ್ಯಬೇಡಿ. ಅಂಥ ವ್ಯತ್ಯಾಸ ಏನೂ ಉಳಿಯಲ್ಲ. ರೆಸ್‌ಮೆಡ್ ವಾರಂಟಿ ಕೊಂಡ ಪ್ರದೇಶದ ಆಚೆ ನಡೆಯಲ್ಲ. ಅಲ್ಲಿಯದನ್ನು ಇಲ್ಲಿಗೆ ತಂದು ಬಳಸೋಕೆ ತೊಂದರೆಯಿಲ್ಲ, ಅದರ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೂ ತೊಗೊಳ್ಳುತ್ತೆ. ಪ್ಲಗ್ ಪಿನ್ ಒಂದು ತನ್ನಿ ಸಾಕು. ತಿಪಟೂರಿನ ಮನೆಯಲ್ಲಿ ಯುಪಿಎಸ್ ಇದ್ದರೆ ಮಲಗುವ ಕೋಣೆಯ ಯಾವ ಪಾಯಿಂಟ್ ಅದರ ಮೇಲಿದೆ ಅಂತ ಮೊದಲ ದಿನವೇ ನೋಡಿಕೊಳ್ಳಿ. ಎಷ್ಟೋ ಮನೆಯಲ್ಲಿ ಲೈಟು ಫ್ಯಾನಿಗೆ ಮಾತ್ರ ಕೊಟ್ಟಿರುತ್ತಾರೆ. ಹ್ಯೂಮಿಡಿಫೈಯರಿಗೆ ಡಿಸ್ಟಿಲ್ಡ್ ವಾಟರ್ ಅಂತ ಕೇಳಿದರೆ ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆ ಹಾಕುವ ಕ್ಯಾನ್ ತೋರಿಸುತ್ತಾರೆ, ಅದನ್ನು ಹಾಕಬೇಡಿ. ಬೇಕಾದರೆ ನೀರಿನ ಡಬ್ಬಿ ಖಾಲಿ ಬಿಟ್ಟು, ಹ್ಯೂಮಿಡಿಫೈಯರ್ ಆಫ್ ಮಾಡಿಯೂ ನಡೆಸಬಹುದು.

ಮಾವನವರ ವಿಷಯಕ್ಕೆ ಬರೋಣ. ಇಲ್ಲಿನ ಆರೋಗ್ಯ ವಿಮೆ ಆಸ್ಪತ್ರೆ ಸೇರುವುದಕ್ಕೆ ಕಟ್ಟಿದ್ದು, ಮನೆಯಲ್ಲಿಟ್ಟುಕೊಳ್ಳುವ ಮಷೀನ್‌ಗೆ ಹೆಚ್ಚಿನ ಪಾಲಿಸಿಗಳಲ್ಲಿ ಜಾಗವೇ ಇಲ್ಲ. ಇಲ್ಲಿನ ವಿಮಾ ನಿಯಂತ್ರಕ ಐಆರ್‌ಡಿಎಐ ಪಟ್ಟಿಯಲ್ಲಿ ಸಿಪ್ಯಾಪ್, ಅದೇ ಥರದ ಬೈಪ್ಯಾಪ್ ಹೆಸರು ಇದೆ, ಆದರೆ ಅದು ಆಸ್ಪತ್ರೆಯ ಚಿಕಿತ್ಸಾ ವೆಚ್ಚದಲ್ಲೇ ಸೇರಿಸಬೇಕಾದ ವಸ್ತುಗಳ ಪಟ್ಟಿ. ನಮ್ಮ ಭಾವನಿಗೆ ಒಂದು ರಾತ್ರಿ ಅಡ್ಮಿಟ್ ಮಾಡಿ ಸ್ಲೀಪ್ ಸ್ಟಡಿ ಮಾಡಿದರು. ಇಪ್ಪತ್ತನಾಲ್ಕು ಗಂಟೆ ಆದರೆ ಕ್ಲೇಮ್ ಆಗುತ್ತೆ ಅಂತ ಆಸ್ಪತ್ರೆಯ ಕೌಂಟರಿನಲ್ಲಿ ಭರವಸೆ ಬೇರೆ ಕೊಟ್ಟರು. ಕ್ಲೇಮ್ ತಿರಸ್ಕಾರವಾಗಿ ಬಂತು. ಪತ್ರದಲ್ಲಿ ಇದ್ದದ್ದು ಎಕ್ಸ್‌ಸಿಎಲ್04 ಅನ್ನುವ ಕೋಡ್: ಬರೀ ಪರೀಕ್ಷೆಗೆ ಅಂತ ಅಡ್ಮಿಟ್ ಆದರೆ ಕೊಡಲ್ಲ. ಅದು ಎಲ್ಲ ಕಂಪನಿಗಳಿಗೂ ಒಂದೇ ಆದ ಷರತ್ತು, ವಾದ ಮಾಡೋಕೆ ಜಾಗವಿಲ್ಲ.

ಇದರಲ್ಲಿ ಒಂದು ವಿಚಿತ್ರ ನೋಡಿ. ಅದೇ ಷರತ್ತುಗಳ ಸಾಲಿನಲ್ಲಿ ಎಕ್ಸ್‌ಸಿಎಲ್06 ಅಂತ ಬೊಜ್ಜಿನ ಆಪರೇಷನ್ ಬಗ್ಗೆ ಇದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ಅಥವಾ ಜಾಸ್ತಿ ಇರಬೇಕು. ಇಲ್ಲಾಂದ್ರೆ 35 ಅಥವಾ ಜಾಸ್ತಿ ಇದ್ದು ಜೊತೆಗೆ ಕೆಲವು ಗಂಭೀರ ಕಾಯಿಲೆಗಳಲ್ಲಿ ಒಂದು ಇರಬೇಕು. ಆ ಕಾಯಿಲೆಗಳಲ್ಲಿ ತೀವ್ರ ಸ್ಲೀಪ್ ಆಪ್ನಿಯಾವೂ ಒಂದು. ಅಂದರೆ ಉಸಿರು ನಿಲ್ಲುವವನಿಗೆ ಗಾಳಿ ಊದುವ ಮಷೀನ್ ಕೊಡಲ್ಲ, ಹೊಟ್ಟೆ ಕೊಯ್ಯೋದಕ್ಕೆ ಬೇಕಾದರೆ ಕೊಡ್ತೀವಿ ಅಂತ. ಇದನ್ನು ಬರೆದವರು ಚೆನ್ನಾಗಿ ನಿದ್ದೆ ಮಾಡ್ತಾರೆ ಅನ್ಸುತ್ತೆ.

ಮಾವ ಕೇಂದ್ರ ಸರ್ಕಾರದ ಪಿಂಚಣಿದಾರರಾ? ಆಗಿದ್ದು ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಕಥೆ ಬೇರೆ. ಅಲ್ಲಿ ಸಿಪ್ಯಾಪ್‌ಗೆ ಒಂದು ಮಿತಿಯವರೆಗೆ ಹಣ ವಾಪಸ್ ಬರುತ್ತೆ. ಆದರೆ ಮೊದಲು ಅನುಮತಿ, ಆಮೇಲೆ ಖರೀದಿ. ಮಷೀನ್ ತೊಗೊಂಡು ಬಿಲ್ ಹಿಡಿದು ಹೋದರೆ ಅಲೆದಾಟವೇ. ಅದು ಇಲ್ಲದಿದ್ದರೆ ಕೈಯಿಂದಲೇ ಕೊಳ್ಳಬೇಕು. ಬೆಂಗಳೂರಿನಲ್ಲಿ ಡೀಲರುಗಳು ಬಾಡಿಗೆಗೂ ಕೊಡುತ್ತಾರೆ, ಕೆಲವರು ಕೆಲವು ದಿನ ಮನೆಯಲ್ಲಿ ಹಾಕಿ ನೋಡಲೂ ಬಿಡುತ್ತಾರೆ. ಮೊದಲು ಬಾಡಿಗೆಗೆ ತನ್ನಿ. ಹಿರಿಯರು ಎರಡು ರಾತ್ರಿ ಹಾಕಿ ಮೂರನೇ ದಿನ ಬೀರುವಿನ ಮೇಲಿಟ್ಟುಬಿಡ್ತಾರೆ, ಗೊತ್ತಲ್ಲ.

---

ನಿದ್ದೆಗೇಡಿ | ನವೆಂಬರ್ 5

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಾರದಕ್ಕ, ನಿಮ್ಮ ಕೋಡ್‌ಗಳನ್ನು ಓದಿ ಹೇಳಿದ ತಕ್ಷಣ ಇನ್ಷೂರೆನ್ಸ್ ಹುಡುಗನ ದನಿಯೇ ಬದಲಾಯಿತು. ನಮ್ಮ ಪ್ಲಾನಿನಲ್ಲಿ ಎನ್‌ಯು ಇಲ್ಲವಂತೆ, 10 ತಿಂಗಳು ಬಾಡಿಗೆಯೇ. ಮಷೀನ್‌ಗೆ 81, ಹ್ಯೂಮಿಡಿಫೈಯರಿಗೆ 20, ಒಟ್ಟು ತಿಂಗಳಿಗೆ 101 ಡಾಲರ್. ಈ ವರ್ಷದ ಎರಡು ತಿಂಗಳು ಬಿಟ್ಟರೆ ನನ್ನ ಪಾಲಿಗೆ 808. ಬಳಕೆಯ ನಿಯಮ ಮೆಡಿಕೇರ್‌ದೇ. ಮಾಸ್ಕ್, ಪೈಪ್, ಫಿಲ್ಟರ್ ಮಾತ್ರ ಬಾಡಿಗೆ ಅಲ್ಲ, ಅವು ಒಂದೇ ಸಲ ಬಿಲ್ ಆಗುತ್ತವೆ.

ಬಿಪಿ ಮಾತ್ರೆ ನಿಮ್ಮ ಊಹೆಯಂತೆಯೇ. ಲೊಸಾರ್ಟನ್ ತೊಗೋತಾ ಇದ್ದೀನಿ, ನಿದ್ದೆ ಡಾಕ್ಟರ ನೋಟ್‌ನಲ್ಲಿ ಅದರ ಸುದ್ದಿಯೇ ಇಲ್ಲ. ಸೇರಿಸಿ ಕಳಿಸಿದರು. ನಿನ್ನೆ ಒಪ್ಪಿಗೆ ಬಂತು.

ಈಗ ಗೌಡರ ದಾರಿಯಲ್ಲಿ ಹೋದರೂ ಎಂಟುನೂರು, ಈ ದಾರಿಯಲ್ಲೂ ಎಂಟುನೂರು. ಯಾವುದು?

---

ಶಾರದಕ್ಕ | ನವೆಂಬರ್ 5

ಕೈಯಿಂದ ಕೊಟ್ಟ ಎಂಟುನೂರು ಡಿಡಕ್ಟಿಬಲ್‌ಗೆ ಸೇರಲ್ಲ. ಬಾಡಿಗೆಯ ಎಂಟುನೂರು ಸೇರುತ್ತೆ. ಮನೆಯಲ್ಲಿ ಪುಟ್ಟ ಮಗು ಇದೆ, ಮುಂದಿನ ವರ್ಷ ಡಾಕ್ಟರ ಬಿಲ್ ಹೇಗೂ ಬರುತ್ತೆ. ಅದು ಡಿಡಕ್ಟಿಬಲ್ ತುಂಬುವಷ್ಟು ಆಗುತ್ತೆ ಅನ್ನಿಸಿದರೆ ಬಾಡಿಗೆಯೇ ಲಾಭ. ಏನೂ ಖರ್ಚು ಬರಲ್ಲ ಅನ್ನುವ ಧೈರ್ಯ ಇದ್ದರೆ, ನಾಲ್ಕು ಗಂಟೆಯ ಲೆಕ್ಕ ಯಾರಿಗೂ ಒಪ್ಪಿಸೋದು ಬೇಡ ಅನ್ನಿಸಿದರೆ, ಗೌಡರ ದಾರಿ. ನಾನಾಗಿದ್ದರೆ ಬಾಡಿಗೆ.

ಯಾವ ದಾರಿ ಹಿಡಿದರೂ ಮಾಸ್ಕ್, ಪೈಪ್, ಫಿಲ್ಟರ್ ಡಿಸೆಂಬರ್ 31ರ ಒಳಗೆ ಇನ್ಷೂರೆನ್ಸ್ ಮೇಲೆಯೇ ತರಿಸಿಕೊಳ್ಳಿ. ಮೆಡಿಕೇರ್ ಲೆಕ್ಕದಲ್ಲಿ ಮಾಸ್ಕ್ ಮತ್ತು ಪೈಪ್ ಮೂರು ತಿಂಗಳಿಗೊಂದು, ಬಿಸಾಕುವ ಫಿಲ್ಟರ್ ತಿಂಗಳಿಗೆ ಎರಡು, ತಲೆಗೆ ಕಟ್ಟುವ ಪಟ್ಟಿ ಮತ್ತು ನೀರಿನ ಡಬ್ಬಿ ಆರು ತಿಂಗಳಿಗೊಂದು. ನಿಮ್ಮ ಪ್ಲಾನ್ ಎಷ್ಟು ಕೊಡುತ್ತೋ ಅಷ್ಟು ಈಗಲೇ ಕೇಳಿ. ಜನವರಿಯಿಂದ "ನಿಮ್ಮ ಸಾಮಾನು ಕಳಿಸಲು ಸಿದ್ಧ, ಹೌದು ಅಂತ ಉತ್ತರಿಸಿ" ಅಂತ ಮೆಸೇಜ್ ಬರಲು ಶುರುವಾಗುತ್ತೆ. ಬೇಕಾದಾಗ ಮಾತ್ರ ಉತ್ತರಿಸಿ. ದಿನಾ ತೊಳೆದರೆ ಮಾಸ್ಕ್ ಅವರು ಹೇಳುವುದಕ್ಕಿಂತ ಜಾಸ್ತಿ ಬಾಳಿಕೆ ಬರುತ್ತೆ.

ವಿಮಾನದಲ್ಲಿ ಮಷೀನ್ ಚೆಕ್ ಇನ್ ಮಾಡಬೇಡಿ. ಅಮೆರಿಕದ ನಿಯಮದಂತೆ ಅದು ಕ್ಯಾಬಿನ್ ಬ್ಯಾಗಿನ ಲೆಕ್ಕಕ್ಕೆ ಸೇರಲ್ಲ, ಬೇರೆ ಬ್ಯಾಗೇ. ನೀರು ಪೂರ್ತಿ ಚೆಲ್ಲಿ, ಡಬ್ಬಿ ಒರೆಸಿ ಇಡಿ.

---

ನಿದ್ದೆಗೇಡಿ | ನವೆಂಬರ್ 5

ಸರಿ ಅಕ್ಕ, ಬಾಡಿಗೆಗೇ ಸಹಿ ಹಾಕಿದೆ. ಶನಿವಾರ ಮಷೀನ್ ಬರುತ್ತಂತೆ, ಡಿಸೆಂಬರ್ 15ಕ್ಕೆ ಡಾಕ್ಟರ್ ಸಿಕ್ಕಿದ್ದಾರೆ. ಮಾವ ನಿವೃತ್ತ ಅಂಚೆ ನೌಕರರು, ಸಿಜಿಎಚ್‌ಎಸ್ ಕಾರ್ಡ್ ಇದೆಯಾ ಅಂತ ಬಾಲು ಸರ್ ಹೇಳಿದ ಮೇಲೆ ಕೇಳಿದ್ದೇನೆ, ಹುಡುಕುತ್ತಿದ್ದಾರೆ. ಇನ್ನೊಂದೇ ಪ್ರಶ್ನೆ: ನನಗೆ ದಪ್ಪ ಮೀಸೆ ಇದೆ. ಯಾವ ಮಾಸ್ಕ್ ಹೇಳಲಿ?

---

ಡಲ್ಲಾಸ್ ಗೌಡ | ನವೆಂಬರ್ 6

ನನಗೂ ಇದೆ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಪಿಲ್ಲೋ ಥರದ್ದು ಕೇಳಿ. ಮೀಸೆಯ ಮೇಲೆ ಕೂರುವ ಮಾಸ್ಕ್‌ನಲ್ಲಿ ಗಾಳಿ ಸೋರಿ ರಾತ್ರಿಯೆಲ್ಲ ಕಣ್ಣಿಗೆ ಹೊಡೆಯುತ್ತೆ. ಬಾಯಿ ತೆರೆದು ಮಲಗುವ ಅಭ್ಯಾಸ ಇದ್ದರೆ ಅದೂ ಆಗಲ್ಲ, ಆಗ ಮೀಸೆ ಸ್ವಲ್ಪ ಟ್ರಿಮ್ ಮಾಡಿ ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಹಾಕಿ. ಎರಡು ಸೈಜ್ ಕುಶನ್ ಕಳಿಸಿ ಅಂತ ಹೇಳಿ, ಕಳಿಸುತ್ತಾರೆ.